ಪೋಸ್ಟಣ್ಣನ ಕುವೈತ್ ಸ್ಟಾಂಪು

ಚನ್ನವೀರಯ್ಯ ಚೇಳೂರಿನಲ್ಲಿ ಮೂವತ್ತು ವರ್ಷ ಟಪಾಲು ಹಂಚಿದವರು. ಈಗ ತುಮಕೂರಿನ ಬಟವಾಡಿಯಲ್ಲಿ ನಮ್ಮ ಮಹಡಿ ಮನೆಯ ಬಾಡಿಗೆದಾರರು. ಹಣೆಯ ತುಂಬ ವಿಭೂತಿ, ಆಲ್ಬಮ್ಮಿನ ತುಂಬ ಮಸೀದಿ ಗೋಡೆಗಳ ಸ್ಟಾಂಪು: ನೀಲಿ ಟೈಲ್ಸಿನ ಹೂಬಳ್ಳಿ, ಎಂಟು ಮೂಲೆಯ ನಕ್ಷತ್ರ, ಬಳುಕುವ ಅರಬ್ಬಿ ಅಕ್ಷರ. ಒಂದಕ್ಷರ ಓದಲು ಬಾರದಿದ್ದರೂ ಗಂಟೆಗಟ್ಟಲೆ ನೋಡುತ್ತ ಕೂರುತ್ತಿದ್ದರು.

"ನಮ್ಮನೆ ರಂಗೋಲಿ ಸಂಜೆಗೆ ಅಳಿಸೋಯ್ತದೆ. ಇದು ನೋಡಪ್ಪ, ಗೋಡೆ ಮೇಲೆ ನಿಂತ್ಬುಟ್ಟದೆ."

ಇವೆಲ್ಲ ಗಲ್ಫಿಗೆ ಹೋದವರ ಕಾಗದಗಳಿಂದ ಬಂದವು. ಕವರು ಕೊಡುವಾಗಲೇ "ಸ್ಟಾಂಪ್ ನಂಗಿರ್ಲಮ್ಮ" ಅನ್ನುವುದು, ಮೂಲೆ ಹರಿದು ಜೇಬಿಗಿಳಿಸುವುದು. ಯಾರೂ ಬೇಡವೆನ್ನಲಿಲ್ಲ. ಚೇಳೂರಿನ ಜೈತೂನ್‌ಬಿಯ ಗಂಡ ಕುವೈತಿನಲ್ಲಿ ಡ್ರೈವರ್. ತೊಂಬತ್ತಾರರಲ್ಲಿ ಅವನಿಂದ ಚಿನ್ನದಕ್ಷರದ ಸ್ಟಾಂಪಿದ್ದ ಕಾಗದವೊಂದು ಬಂತು, ಅದೇ ಕೊನೆಯದು. ಅವಳು ಬರೆಸಿದ ಮೂರು ಉತ್ತರಗಳೂ ವಿಳಾಸದಾರರಿಲ್ಲ ಎಂದು ವಾಪಸಾದವು. ಮೂರನ್ನೂ ಅವಳ ಕೈಗಿಟ್ಟವರು ಇದೇ ಚನ್ನವೀರಯ್ಯ. ಅವನು ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡ ಎಂದು ಊರು ಆಡಿಕೊಂಡಿತು. ಅವಳೂ ನಂಬಿದಳು.

ಹೋದ ತಿಂಗಳು ತುಮಕೂರಿನಲ್ಲಿ ಸ್ಟಾಂಪು ಪ್ರದರ್ಶನವಿತ್ತು. ಕವರಿನ ಚೂರು ಅಂಟಿರಬಾರದೆಂದು ನಿಯಮ. ಚಿನ್ನದ ಬಣ್ಣ ಬಿಟ್ಟೀತೆಂದು ನೀರಿಗೇ ಹಾಕದೆ, ಹರಿದ ಮೂಲೆಯ ಸಮೇತ ಆಲ್ಬಮ್ಮಿಗೆ ಅಂಟಿಸಿಟ್ಟಿದ್ದ ಜೈತೂನ್‌ಬಿಯ ಕಾಗದದ ಆ ಸ್ಟಾಂಪನ್ನು ಚನ್ನವೀರಯ್ಯ ಮೆಲ್ಲಗೆ ಎಬ್ಬಿಸಿದರು. ಮೂಲೆಯ ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ಅವಳ ಗಂಡನ ಹೊಸ ವಿಳಾಸ, ಅದರ ಕೆಳಗೆ ಪೋಸ್ಟ್ ಬಾಕ್ಸ್ ನಂಬರು.

ವಿಳಾಸ ಓದುವುದೇ ಕಸುಬಾಗಿದ್ದ ಮನುಷ್ಯ ಅಂದು ಆ ಚೂರನ್ನು ತಿರುಗಿಸಿ ನೋಡಲಿಲ್ಲ. ಚಂದ ನೋಡುವ ಕಣ್ಣಿಗೆ ಅಷ್ಟೂ ಕಾಣಲಿಲ್ಲವೇ ಎಂದು ನನಗೆ ಇವತ್ತಿಗೂ ಸಿಟ್ಟು. ಬೈಯೋಣವೆಂದರೆ ಅವರು ಊಟ ಬಿಟ್ಟು ಎರಡು ದಿನವಾಗಿತ್ತು. ಪ್ರದರ್ಶನಕ್ಕೆ ಹೋಗಲಿಲ್ಲ. ಮೂರನೆಯ ದಿನ ನನ್ನನ್ನೂ ಕರೆದುಕೊಂಡು ಗುಬ್ಬಿಯಲ್ಲಿ ಬಸ್ಸು ಬದಲಿಸಿ ಚೇಳೂರಿಗೆ ಹೋದರು.

ಜೈತೂನ್‌ಬಿ ಬಾಗಿಲಲ್ಲೇ ಬೀಡಿ ಎಲೆ ಕತ್ತರಿಸುತ್ತಿದ್ದಳು. ತಲೆಯೆಲ್ಲ ಬೆಳ್ಳಗಾಗಿತ್ತು. ಚನ್ನವೀರಯ್ಯ ಚೂರನ್ನು ಅವಳ ಕೈಗಿಟ್ಟು, ನಡೆದದ್ದನ್ನು ತೊದಲುತ್ತ ಹೇಳಿದರು.

"ತಪ್ಪಾಯ್ತು ಕಣಮ್ಮ. ಬೈದ್ಬುಡು ನನ್ನ."

ಅವಳು ಬೈಯಲಿಲ್ಲ. ಓದಲು ಬಾರದ ಆ ಎರಡು ಸಾಲಿನ ಮೇಲೆ ಬೆರಳಾಡಿಸಿದಳು.

"ಇಷ್ಟು ವರ್ಷ ಆ ಮನುಷ್ಯಂಗೆ ಶಾಪ ಹಾಕ್ದೆ, ಪೋಸ್ಟಣ್ಣ," ಅಂದಳು. "ನಾನೇ ಉತ್ರ ಬರೀಲಿಲ್ಲ ಅಂತ ಅವ್ರು ಅಲ್ಲಿ ಕೂತು ನಂಗೆ ಹಾಕಿರ್ತಾರೆ."