ಮೂರು ಸಲದ ಟೈಲರಕ್ಕ

ಟೈಲರಕ್ಕನ ಕತ್ತಿನ ಬುಡದಲ್ಲಿ ಅಡ್ಡಕ್ಕೆ ಒಂದು ಗೆರೆ ಇತ್ತು, ಥೈರಾಯ್ಡ್ ಗಡ್ಡೆ ತೆಗೆದಾಗಿನ ಹೊಲಿಗೆಯ ಗುರುತು. ಅದರ ಮೇಲೆಯೇ ಹಗಲೆಲ್ಲ ಹಳದಿ ಅಳತೆ ಟೇಪು ಜೋತುಬಿದ್ದಿರುತ್ತಿತ್ತು. ಟೇಪಿನ ಮೊದಲ ನಾಲ್ಕು ಅಂಕಿಗಳು ಬೆರಳು ತಾಗಿ ತಾಗಿ ಅಳಿಸಿಹೋಗಿದ್ದವು. ಹೊಸದು ಕೊಳ್ಳುವ ಯೋಚನೆಯನ್ನೇ ಮಾಡದೆ ಅವರು ಐದರ ಗೆರೆಯಿಂದ ಹಿಡಿದು ಅಳೆದು, ಮನಸ್ಸಿನಲ್ಲೇ ಐದು ಕಳೆದು ಹೇಳುತ್ತಿದ್ದರು. ಗಾಯದ ಗುರುತು ಮುಚ್ಚಿಕೊಳ್ಳಲು ಟೇಪು ಹಾಕಿಕೊಂಡಿದ್ದಾರೆ ಎಂದು ಮೊದಲ ದಿನ ನಾನು ಅಂದುಕೊಂಡಿದ್ದೆ. ಮುಚ್ಚಿಕೊಳ್ಳುವ ಜಾಯಮಾನ ನನ್ನದಾಗಿತ್ತು, ಆದ್ದರಿಂದ ಎಲ್ಲರೂ ಹಾಗೇ ಎಂಬ ಭ್ರಮೆ. ಆ ಟೇಪು ಅಲ್ಲಿದ್ದದ್ದು ಕೈಗೆ ಸುಲಭವಾಗಿ ಸಿಗಲಿ ಎಂದಷ್ಟೇ.

ಅವರಿಗೆ ಮೂರು ಸಲ ಕ್ಯಾನ್ಸರ್ ಬಂದಿತ್ತು. ಒಂದೇ ಕಾಯಿಲೆ ಮರಳಿ ಬಂದದ್ದಲ್ಲ, ಮೂರೂ ಬೇರೆ ಬೇರೆ. ಮೊದಲು ಎಡ ಸ್ತನ, ಆರು ವರ್ಷ ಬಿಟ್ಟು ಗರ್ಭಕೋಶ, ಆಮೇಲೆ ಕತ್ತು. ಮಡತ್ತುಕುಳಂ ಕಡೆಯ ಕನ್ನಡ ಒಕ್ಕಲು ಮನೆತನದ ಹೆಣ್ಣು. ಐದನೇ ಕ್ಲಾಸಿಗೆ ಓದು ಬಿಟ್ಟು, ಮದುವೆಯಾಗಿ ತಿರುಪ್ಪೂರಿಗೆ ಬಂದು, ಇಪ್ಪತ್ತು ವರ್ಷ ಬನಿಯನ್ ಕಂಪನಿಗಳಲ್ಲಿ ಹೊಲಿದು, ಕೊನೆಗೆ ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಹಾಕಿಕೊಂಡಿದ್ದರು. ಅವರ ಕನ್ನಡದಲ್ಲಿ ಅರ್ಧಕ್ಕರ್ಧ ತಮಿಳು. ನನ್ನದೇನು ಕಡಿಮೆಯಿಲ್ಲ; ಮೂರು ತಲೆಮಾರಿನಿಂದ ಕೊಯಮತ್ತೂರಿನಲ್ಲಿರುವ ಮನೆ ನಮ್ಮದು. ಅಜ್ಜ ಸ್ಲೇಟು ಹಿಡಿಸಿ ಅಕ್ಷರ ಕಲಿಸಿದ್ದರಿಂದ ಇಷ್ಟಾದರೂ ಬರೆಯುತ್ತಿದ್ದೇನೆ.

ಪೀಳಮೇಡಿನ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ನನಗೆ ಮೊದಲ ಸಲ ಕ್ಯಾನ್ಸರ್ ಬಂದು ಎಡ ಸ್ತನ ತೆಗೆದಾಗ ನಮ್ಮ ಮನೆ ಮದುವೆ ಮನೆಯಂತಾಗಿತ್ತು. ಅತ್ತಿಗೆಯರು ಸರದಿ ಹಾಕಿಕೊಂಡು ಅಡುಗೆ ಮಾಡಿದರು, ಮೈಸೂರಿನಿಂದ ಚಿಕ್ಕಮ್ಮ ಬಂದು ಒಂದು ತಿಂಗಳು ಕೂತರು. ಗುಣವಾದ ಮೇಲೆ ಮಹಿಳಾ ದಿನಾಚರಣೆಗೆ ಕಾಲೇಜಿನವರು ನನ್ನನ್ನು ವೇದಿಕೆ ಹತ್ತಿಸಿದರು. ‘ಕ್ಯಾನ್ಸರ್ ಗೆದ್ದ ಪ್ರೊಫೆಸರ್’ ಎಂದು ಬ್ಯಾನರಿನ ಮೇಲೆ ನನ್ನ ಫೋಟೋ. ಮುಂದಿನ ವರ್ಷ ಬೇರೆ ಕಾಲೇಜು, ಅದರ ಮುಂದಿನ ವರ್ಷ ಎರಡು ಕ್ಲಬ್ಬು. ಯಾವ ಮಾತಿಗೆ ಜನ ಚಪ್ಪಾಳೆ ತಟ್ಟುತ್ತಾರೆ, ಎಲ್ಲಿ ಸ್ವಲ್ಪ ತಡೆದು ನಿಲ್ಲಬೇಕು ಎಲ್ಲ ಬಾಯಿಪಾಠವಾಗಿತ್ತು. ಸುಳ್ಳೇಕೆ ಹೇಳಲಿ, ನನಗೆ ಅದು ಬಹಳ ಹಿಡಿಸಿತ್ತು.

ಐದು ವರ್ಷ ಕಳೆದು ಬಲಗಡೆ ಗಂಟು ಸಿಕ್ಕಿತು. ಇದು ಹಳೆಯದಲ್ಲ, ಹೊಸದೇ, ಇನ್ನೂ ಚಿಕ್ಕದು, ತಡಮಾಡದೆ ತೆಗೆಯೋಣ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ನನ್ನ ಕಿವಿಗೆ ಬಿದ್ದದ್ದೇ ಬೇರೆ. ಇದನ್ನು ಗೆಲ್ಲುವುದೆಂಬುದಿಲ್ಲ; ಸ್ವಲ್ಪ ದಿನ ಬಿಟ್ಟಿರುತ್ತದೆ, ಮತ್ತೆ ಬರುತ್ತದೆ, ಕೊನೆಗೊಮ್ಮೆ ಇದೇ ಕರೆದುಕೊಂಡು ಹೋಗುತ್ತದೆ. ಹಾಗಿದ್ದ ಮೇಲೆ ಇನ್ನೊಮ್ಮೆ ಕೊಯ್ಯಿಸಿಕೊಳ್ಳುವುದು ಯಾಕೆ? ಅದಕ್ಕಿಂತ ನಾಚಿಕೆಗೇಡಿನ ವಿಷಯ ಇನ್ನೊಂದಿತ್ತು. ಆ ವರ್ಷದ ಮಹಿಳಾ ದಿನದ ಆಹ್ವಾನಪತ್ರದಲ್ಲಿ ನನ್ನ ಹೆಸರು ಅಚ್ಚಾಗಿಬಿಟ್ಟಿತ್ತು. ‘ಮನೆಯಲ್ಲಿ ಒಂದು ಫಂಕ್ಷನ್ ಇದೆ ಡಾಕ್ಟರ್, ತಿಂಗಳು ಕಳೆಯಲಿ’ ಎಂದು ಹೇಳಿ ಎದ್ದು ಬಂದೆ. ಗಂಡನಿಗೆ ಗಂಟಿನ ವಿಷಯವನ್ನೇ ತಿಳಿಸಿರಲಿಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತಿದ್ದಾಗ ಅವರದೇ ಫೋನು ಬಂತು. “ಏನಿಲ್ಲ ಕಣ್ರೀ, ಬ್ಯಾಂಕಲ್ಲಿದೀನಿ. ಕ್ಯೂ ತುಂಬಾ ಇದೆ” ಎಂದೆ. ಸುತ್ತ ಎಲ್ಲರೂ ತಮಿಳರು, ಕನ್ನಡದಲ್ಲಿ ಸುಳ್ಳು ಹೇಳಿದರೆ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ. ಪಕ್ಕದ ಕುರ್ಚಿಯಲ್ಲಿದ್ದ, ಕತ್ತಿಗೆ ಟೇಪು ಹಾಕಿಕೊಂಡಿದ್ದ ಹೆಂಗಸು ನನ್ನತ್ತ ಬಾಗಿದರು.

“ಈ ಬ್ಯಾಂಕಲ್ಲಿ ನಂಗೂ ಅಕೌಂಟ್ ಅದೆ ಕಣ್ಣು. ಮೂರು. ನಿಂದು ಎಷ್ಟನೇದು?”

ತಮಿಳರಂತೆ ಮುದ್ದಿಗೆ ‘ಕಣ್ಣು’ ಎಂದು ಕರೆದು, ಬಸುರಿಯನ್ನು ಇದು ಎಷ್ಟನೆಯದು ಎಂದು ಕೇಳುವ ಹಾಗೆಯೇ ಕೇಳಿದರು. “ಎರಡನೇದು” ಎಂಬ ಮಾತು ನನ್ನ ಬಾಯಿಂದ ಜಾರಿಬಿತ್ತು. ಡಾಕ್ಟರನ್ನು ಬಿಟ್ಟರೆ ಆ ಮಾತು ಕೇಳಿದ ಮೊದಲ ಮನುಷ್ಯರು ಅವರು.

“ಮೊದಲನೇ ಸಲಕ್ಕೆ ಊರೇ ಬತ್ತದೆ. ಎರಡನೇ ಸಲಕ್ಕೆ ಯಾರೂ ಬರಲ್ಲ, ಅವ್ರಿಗೂ ಸಾಕಾಗಿರ್ತದೆ. ಅದಕ್ಕೇ ನಾನ್ ಬತ್ತೀನಿ” ಎಂದರು.

ಪ್ರತಿ ಬುಧವಾರ ತಿರುಪ್ಪೂರಿನಿಂದ ಬಸ್ಸು ಹಿಡಿದು ಬಂದು ಅವರು ಆ ಮೊಗಸಾಲೆಯಲ್ಲಿ ಕೂತಿರುತ್ತಿದ್ದರಂತೆ. ಆಸ್ಪತ್ರೆಯವರು ಕರೆದಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಎರಡನೇ ಸಲದವರನ್ನು ಹೇಗೆ ಗುರುತು ಹಿಡಿಯುತ್ತೀರಿ ಎಂದು ಆಮೇಲೊಮ್ಮೆ ಕೇಳಿದ್ದೆ. “ಮೊದಲನೇದು ಬಂದೋರು ಅಳ್ತಾ ಇರ್ತಾರೆ. ಎರಡನೇದು ಬಂದೋರು ಗೋಡೆ ಮೇಲಿನ ಬೋರ್ಡ್ ಓದ್ತಾ ಕೂತಿರ್ತಾರೆ” ಎಂದಿದ್ದರು. ನಾನು ಆ ದಿನ ಬೆಂಕಿ ಬಿದ್ದರೆ ಏನು ಮಾಡಬೇಕೆಂಬ ಸೂಚನೆಗಳನ್ನು ಎರಡು ಸಲ ಓದಿ ಮುಗಿಸಿದ್ದೆ.

ಭಾನುವಾರ ಮನೆಗೆ ಬಾ ಎಂದರು. ಗೆಳತಿಯ ಮನೆಗೆಂದು ಇನ್ನೊಂದು ಸುಳ್ಳು ಹೇಳಿ ಹೋದೆ. ಚಿಕ್ಕ ಕೋಣೆ, ಮೂಲೆಯಲ್ಲಿ ಬನಿಯನ್ ಬಟ್ಟೆಯ ತುಂಡುಗಳ ರಾಶಿ, ಚಾಪೆಯ ಮೇಲೆ ಏಳೆಂಟು ಹೆಂಗಸರು, ಎಲ್ಲರೂ ಎರಡು ಅಥವಾ ಮೂರು ಸಲ ಕಾಯಿಲೆ ಬಂದವರೇ. ಅವರಲ್ಲಿ ವಾಲ್ಪಾರೈ ಎಸ್ಟೇಟಿನಲ್ಲಿ ಟೀ ಸೊಪ್ಪು ಕೀಳುವ ಒಬ್ಬಾಕೆ ಘಾಟಿ ಬಸ್ಸಿನಲ್ಲಿ ಅರ್ಧ ದಿನ ಕೂತು ಬಂದಿದ್ದಳು. ಅವಳಿಗೆ ಮೊದಲು ಬಾಯಿ, ಆಮೇಲೆ ಸ್ತನ. ಬಾಯಿಯ ಆಪರೇಷನ್ ಆದ ಮೇಲೆ ಮಾತು ತೊದಲುತ್ತಿತ್ತು, ಆದರೂ ಎಲ್ಲರಿಗಿಂತ ಹೆಚ್ಚು ಮಾತಾಡುವವಳು ಅವಳೇ.

ಅಲ್ಲಿ ಹೇಗಿದ್ದೀರಿ ಎಂದು ಕೇಳುವ ಪದ್ಧತಿಯಿರಲಿಲ್ಲ. ಆ ತಿಂಗಳು ಮನೆಯವರಿಂದ ಏನು ಬಚ್ಚಿಟ್ಟಿದ್ದೀರಿ ಎಂದು ಪ್ರತಿಯೊಬ್ಬರೂ ಹೇಳಬೇಕು. ಒಬ್ಬರು ನೋವು ಬಚ್ಚಿಟ್ಟಿದ್ದರು, ಒಬ್ಬರು ಮಾತ್ರೆ ನಿಲ್ಲಿಸಿದ್ದನ್ನು. ಟೈಲರಕ್ಕ ಹೊಲಿಯುತ್ತಲೇ ಕೇಳುತ್ತಿದ್ದರು. ಅವರು ಹೊಲಿಯುತ್ತಿದ್ದದ್ದು ಸ್ತನ ತೆಗೆದವರು ಒಳಗೆ ಇಟ್ಟುಕೊಳ್ಳುವ ಮೆತ್ತೆಗಳನ್ನು. ಮೆತ್ತನೆಯ ಬನಿಯನ್ ಬಟ್ಟೆ, ಒಳಗೆ ಬೂರುಗದ ಹತ್ತಿ. ತೂಕವಿಲ್ಲದಿದ್ದರೆ ಭುಜ ಒಂದು ಕಡೆಗೆ ಎಳೆಯುತ್ತದೆಂದು ನಡುವೆ ಒಂದು ಪುಟ್ಟ ಚೀಲ. “ಮೊದ್ಲು ರಾಗಿ ತುಂಬ್ತಿದ್ದೆ. ಒಬ್ಳು ಗದ್ದೇಲಿ ಬೆವರಿ ಬೆವರಿ, ಮೊಳಕೇನೇ ಬಂತು” ಎಂದು ನಗುತ್ತಿದ್ದರು. ಆಮೇಲೆ ತವರಿನ ಅಮರಾವತಿ ಹೊಳೆಯ ಮರಳನ್ನು ತರಿಸಿ, ತೊಳೆದು, ಹುರಿದು ತುಂಬುತ್ತಿದ್ದರು.

ನನ್ನ ಸರದಿ ಬಂದಾಗ ಆಹ್ವಾನಪತ್ರದ ಕಥೆ ಹೇಳಿದೆ. ಹೆಂಗಸರು ನಕ್ಕರು. ನನಗೆ ಸಿಟ್ಟು ಬಂತು. “ನಗೋ ಮಾತಲ್ಲ ಇದು. ಇದು ಬಿಡೋದಿಲ್ಲ ಅಕ್ಕ. ಈ ಸಲ ಅಲ್ಲದಿದ್ರೆ ಮುಂದಿನ ಸಲ, ಕೊನೆಗೆ ಇದರಿಂದಲೇ ಹೋಗೋದು. ಸುಮ್ಮನೆ ಯಾಕೆ ಕೊಯ್ಯಿಸಿಕೊಳ್ಳಲಿ?” ಎಂದೆ.

ಮಿಷನ್ ನಿಂತಿತು. “ಕಂಪನೀಲಿ ಚೆಕಿಂಗ್ ಟೇಬಲ್ ನೋಡಿದೀಯಾ? ಮೂರು ಗುಡ್ಡೆ ಹಾಕ್ತಾರೆ. ಚೆನ್ನಾಗಿರೋದು ಒಂದು, ರಿಜೆಕ್ಟ್ ಒಂದು, ನಡೂಲಿ ಆಲ್ಟರ್. ಆಲ್ಟರ್ ಪೀಸ್‌ನ ಬಿಚ್ಚಿ ಹೊಲಿತೀವಿ. ಎರಡ್ ಸಲ ಬಂದ್ರೂ ಹೊಲಿತೀವಿ, ಮೂರ್ ಸಲ ಬಂದ್ರೂ ಹೊಲಿತೀವಿ. ಅದೂ ಪೆಟ್ಟಿಗೆಗೆ ಹೋಗ್ತದೆ, ಹಡಗು ಹತ್ತುತ್ತದೆ. ನಿನ್ನ ರಿಜೆಕ್ಟ್ ಗುಡ್ಡೆಗೆ ಹಾಕಿದ್ದು ಡಾಕ್ಟ್ರಾ, ನೀನಾ?”

“ಎದ್ದು ನಿಲ್ಲು” ಎಂದು ಟೇಪು ತೆಗೆದರು. ಅವರಲ್ಲಿ ಒಂದು ಕಟ್ಟಳೆಯಿತ್ತು. ಆಪರೇಷನ್‌ಗೆ ಮೊದಲೇ ಅಳತೆ ಕೊಡಬೇಕು, ಗುಣವಾದ ಮೇಲೆ ತಾನೇ ಬಂದು ಮೆತ್ತೆ ಈಸಿಕೊಳ್ಳಬೇಕು. ಗಂಡನ ಕೈಗೂ ಕೊಡುವುದಿಲ್ಲ, ಮಗಳ ಕೈಗೂ ಕೊಡುವುದಿಲ್ಲ.

“ಅಳತೆ ಕೊಟ್ಟವರೆಲ್ಲ ಬಂದರಾ?” ಎಂದು ಕೇಳಿದೆ.

“ಎರಡು ಇಲ್ಲೇ ಅವೆ” ಎಂದು ಮೇಲಿನ ಅಟ್ಟಣಿಗೆ ತೋರಿಸಿದರು. “ಮಿಕ್ಕೋರೆಲ್ಲ ಬಂದವ್ರೆ. ನೀನೂ ಬತ್ತೀಯ. ಆ ಮೇಡೈ ಚಿಂತೆ ಬಿಡು, ನಿನ್ ಬದ್ಲಿಗೆ ಸ್ಟೇಜ್ ಮೇಲೆ ನಾನೇ ಮಾತಾಡ್ತೀನಿ.”

ಅವರು ಸಮಾಧಾನ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಬಾರದೆ ಉಳಿದ ಆ ಎರಡನ್ನು ತೋರಿಸಿದರಲ್ಲ, ಅದಕ್ಕೆ ನಂಬಿದೆ. ಸಂಜೆ ಗಂಡನಿಗೆ ಎಲ್ಲ ಹೇಳಿದೆ. ಪಾಪ, ಕಾಯಿಲೆಯ ಮಾತು ಅವರ ತಲೆಗೆ ಇಳಿಯಲಿಲ್ಲ. “ಬ್ಯಾಂಕಲ್ಲಿದೀನಿ ಅಂದೆಯಲ್ಲ” ಎಂದು ನಾಲ್ಕು ಸಲ ಕೇಳಿದರು. ಆಮೇಲೆ ಡಾಕ್ಟರಿಗೆ ಫೋನು ಮಾಡಿದವರೂ ಅವರೇ. ಮಹಿಳಾ ದಿನಕ್ಕೆ ಎರಡು ದಿನ ಮೊದಲು ಆಪರೇಷನ್ ಆಯಿತು.

ಮೇಡಂ ಊರಲ್ಲಿಲ್ಲ ಎಂದಷ್ಟೇ ಹೇಳಿ ಎಂದು ಟೈಲರಕ್ಕನಿಗೆ ಪಾಠ ಹೇಳಿಕೊಟ್ಟಿದ್ದೆ. ಸರಿ ಸರಿ ಎಂದಿದ್ದರು. ಸಭೆಯ ವೀಡಿಯೋವನ್ನು ಗಂಡ ಆಸ್ಪತ್ರೆಯ ಮಂಚದ ಪಕ್ಕ ಕೂತು ತೋರಿಸಿದರು. ಒಗೆದು ಇಸ್ತ್ರಿ ಮಾಡಿದ ಹತ್ತಿ ಸೀರೆ, ಕತ್ತಿನಲ್ಲಿ ಟೇಪು, ಎದುರಿಗೆ ಹುಡುಗಿಯರಿಂದ ತುಂಬಿದ ಸಭಾಂಗಣ. ತಮಿಳಿನಲ್ಲಿ ಅವರು ಹೇಳಿದ್ದು ಇಷ್ಟು: “ನಿಮ್ಮ ಟೀಚರು ಊರಲ್ಲಿಲ್ಲ ಅಂತ ಹೇಳೋಕೆ ನನ್ನ ಕಳಿಸಿದಾರೆ. ಅವರು ಇಲ್ಲೇ ಆಸ್ಪತ್ರೇಲಿದಾರೆ. ಅವರಿಗೆ ಎರಡನೇ ಸಲ ಕ್ಯಾನ್ಸರ್ ಬಂದಿದೆ. ನೀವು ಗೆದ್ದೋರು ಅಂತ ಕೂಗಿದ್ರಲ್ಲ, ಅದಕ್ಕೆ ಈಗ ಸೋತೋರ ಹಾಗೆ ಅಡಗಿಕೊಂಡಿದಾರೆ. ನನಗೆ ಮೂರು ಸಲ ಬಂದಿದೆ. ಇವತ್ತು ಬೆಳಿಗ್ಗೆ ಹನ್ನೆರಡು ಪೀಸ್ ಹೊಲಿದು ಬಸ್ ಹತ್ತಿ ಬಂದಿದೀನಿ. ನಿಮ್ಮ ಮನೇಲಿ ಯಾರಿಗಾದ್ರೂ ಎರಡನೇ ಸಲ ಬಂದಿದ್ರೆ, ಹೋಗಿ ನೋಡಿ. ಹೋದ ಸಲವೇ ನೋಡಿದ್ವಲ್ಲ ಅನ್ನಬೇಡಿ.” ಮೈಕನ್ನು ಪ್ರಿನ್ಸಿಪಾಲರ ಕೈಗೆ ಕೊಟ್ಟು ಮೆಟ್ಟಿಲಿಳಿದರು. ಆಮೇಲೆ ಹಿಂದಿನ ಸಾಲಿನಿಂದ ಶುರುವಾಗಿ ಇಡೀ ಸಭಾಂಗಣ ಎದ್ದು ನಿಂತಿತು.

ನನ್ನ ಸಿಟ್ಟು ನೆತ್ತಿಗೇರಿತು. ಇನ್ನು ಆ ಹೆಂಗಸಿನ ಮುಖ ನೋಡುವುದಿಲ್ಲ ಎಂದು ಗಂಡನಿಗೆ ಸಾರಿದೆ. ಸಂಜೆ ನಮ್ಮ ಕಾಲೇಜಿನ ಲ್ಯಾಬ್ ಸಹಾಯಕಿ ಬಂದಳು. ಹತ್ತು ವರ್ಷ ನನ್ನ ಜೊತೆ ಕೆಲಸ ಮಾಡಿದವಳು, ಮಾತು ಕಡಿಮೆ. ಒಳಗೆ ಬಂದವಳು ಬಾಗಿಲು ಮುಚ್ಚಿ, ನಿಂತುಕೊಂಡೇ, “ಮೇಡಂ, ನನಗೂ ಎರಡನೇದು. ಐದು ತಿಂಗಳಾಯ್ತು. ಯಾರಿಗೂ ಹೇಳಿಲ್ಲ” ಎಂದಳು. ಕಾಲು ಮಡಚಿ ಮಂಚದ ಮೇಲೆ ಅವಳಿಗೆ ಜಾಗ ಮಾಡಿಕೊಟ್ಟೆ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ವಾರವೇ ಅವಳ ಚಿಕಿತ್ಸೆ ಶುರುವಾಯಿತು. ಇಂದಿಗೂ ನನ್ನ ಲ್ಯಾಬಿನಲ್ಲಿ ಗಾಜಿನ ಸಾಮಾನು ಒಡೆದ ಹುಡುಗಿಯರನ್ನು ಗದರಿಕೊಂಡು ಇದ್ದಾಳೆ.

ಎರಡು ತಿಂಗಳಾದ ಮೇಲೆ ನಾನೇ ಹೋಗಿ ನನ್ನ ಎರಡು ಮೆತ್ತೆಗಳನ್ನು ಈಸಿಕೊಂಡೆ. ಟೈಲರಕ್ಕ ಎರಡೂ ಕಡೆ ಎಳೆದು ನೋಡಿ, “ಈಗ್ಲೇ ಸರಿಯಾಗವೆ ಕಣ್ಣು. ಮೊದ್ಲು ಇದ್ದವು ಒಂದೇ ಅಳತೇಲಿ ಇರಲಿಲ್ಲ” ಎಂದರು. ಆ ಕೋಣೆಯಲ್ಲಿ ನಾನು ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು.

ಆಮೇಲಿನ ಆರು ವರ್ಷ ಬುಧವಾರಗಳಲ್ಲಿ, ಪಾಠ ಇಲ್ಲದಾಗ, ನಾನೂ ಅವರ ಪಕ್ಕದ ಕುರ್ಚಿಯಲ್ಲಿ ಕೂತೆ. ಆದರೆ ಒಂದು ಭಯ ಮಾತ್ರ ಹೋಗಲಿಲ್ಲ, ಕೊನೆಗೆ ಇದರಿಂದಲೇ ಹೋಗುತ್ತೇವೆ ಎಂಬುದು. ನನಗೊಬ್ಬಳಿಗಲ್ಲ, ಚಾಪೆಯ ಮೇಲಿನ ಎಲ್ಲರಿಗೂ ಇತ್ತು. ಮೂರು ಸಲದ ಟೈಲರಕ್ಕ ಇದ್ದಾರೆಂದರೆ ನಾವೂ ಇರಬಹುದು ಎಂಬುದೊಂದೇ ನಮ್ಮ ಲೆಕ್ಕ. ಅವರು ಕೆಮ್ಮಿದರೆ ಕೋಣೆಯೆಲ್ಲ ಸುಮ್ಮನಾಗುತ್ತಿತ್ತು. ಅವರ ಸ್ಕ್ಯಾನಿನ ದಿನ ನಮ್ಮ ಸ್ಕ್ಯಾನಿಗಿಂತ ಹೆಚ್ಚು ಹೆದರುತ್ತಿದ್ದೆವು.

ಹೋದ ವರ್ಷ ಆಷಾಢದ ಹೊತ್ತಿನ ಆಡಿ ತಿಂಗಳಲ್ಲಿ ಒಂದು ಬೆಳಿಗ್ಗೆ ಅವರ ಮಗ ಫೋನು ಮಾಡಿ, ಅಮ್ಮ ಹೋಗಿಬಿಟ್ಟರು ಎಂದ. ಏನಾಗಿತ್ತು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ತಿರುಪ್ಪೂರಿನ ಬಸ್ಸಿನಲ್ಲಿ ಕೂತು ಅಳಲೂ ಇಲ್ಲ. ಮೂರರಲ್ಲಿ ಯಾವುದು, ಇಲ್ಲ ನಾಲ್ಕನೆಯದೋ, ಇದೊಂದೇ ತಲೆಯಲ್ಲಿ. ಅವರನ್ನೇ ಬಿಡಲಿಲ್ಲವೆಂದರೆ ನಾನು ಯಾವ ಲೆಕ್ಕ.

ಬೀದಿಯಲ್ಲಿ ಶಾಮಿಯಾನದ ಅಂಚಿಗೆ ನಮ್ಮವರೆಲ್ಲ ನಿಂತಿದ್ದರು. ಯಾವುದರಿಂದ ಹೋದರೆಂದು ಯಾರೂ ಕೇಳಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮಧ್ಯಾಹ್ನ ವಾಲ್ಪಾರೈಯವಳು ಬಂದಳು. ನೇರ ಒಳಗೆ ಹೋಗಿ, ಕಾಲು ಮುಟ್ಟಿ ನಮಸ್ಕಾರ ಮಾಡಿ, ಮಗನ ಹತ್ತಿರ ನಿಂತು ಕೇಳಿದಳು. ಅವಳ ಮಾತು ಅವನಿಗೆ ತಿಳಿಯಲಿಲ್ಲ, ಎರಡನೇ ಸಲ ಕೇಳಿದಳು. ಅವನು ಏನೋ ಹೇಳಿದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನಮ್ಮತ್ತ ನಡೆದು ಬಂದಳು.

“ಹಾರ್ಟ್ ಅಂತೆ” ಎಂದಳು. “ಕಾಫಿ ಕುಡಿದು ಮಿಷನ್ ಮುಂದೆ ಕೂತರಂತೆ, ಎದೆ ನೋವು ಅಂದರಂತೆ. ಹೋದ ತಿಂಗಳ ಸ್ಕ್ಯಾನಲ್ಲಿ ಏನೂ ಇರಲಿಲ್ಲವಂತೆ.”

“ಬರೀ ಹಾರ್ಟಾ?” ಎಂದು ಲ್ಯಾಬಿನವಳು ಕೇಳಿದಳು.

“ಬರೀ ಹಾರ್ಟು.”

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಸಾವಿನ ಮನೆಯ ಮುಂದೆ ಒಂಬತ್ತು ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಕಣ್ಣೀರು ಸುರಿಸಿಕೊಂಡು ನಕ್ಕೆವು. ಮೂರು ಸಲ ಬಂದ ಕಾಯಿಲೆಗೆ ಟೈಲರಕ್ಕ ಕೊನೆಗೂ ಸಿಕ್ಕಿರಲಿಲ್ಲ. ಅವರ ನೆಂಟರು ನಮ್ಮನ್ನು ದುರುಗುಟ್ಟಿ ನೋಡಿದರು, ನೋಡಲಿ ಎಂದುಕೊಂಡೆ. ನಾನೂ ಯಾವುದಾದರೂ ಬೇರೆ ಕಾಯಿಲೆಯಿಂದ ಸಾಯಬಹುದು ಎಂಬ ಧೈರ್ಯ ನನಗೆ ಬಂದದ್ದು ಆ ಮಧ್ಯಾಹ್ನ.