ಹುಣಸೆ ಬೀಜದ ಅಂಟು

ಮದುವೆಯಾಗಿ ಮುದ್ದೇಬಿಹಾಳಕ್ಕೆ ಬರುವಾಗ ಅಪ್ಪ ನನಗೊಂದು ಲ್ಯಾಮಿನೇಟ್ ಕಪಾಟು ಕೊಟ್ಟಿದ್ದರು, ಮುಂಬೈಯಲ್ಲಿ ಮಾಡಿಸಿದ್ದು. ಅರವತ್ತರ ದಶಕದ ಮಾತು. ಕ್ರೀಮ್ ಕಲರ್, ಕೈಯಿಟ್ಟರೆ ಜಾರುವಷ್ಟು ನುಣುಪು. ಅದನ್ನು ಅಡುಗೆಮನೆಯೊಳಗೆ ಇಟ್ಟುಕೊಳ್ಳಲು ಅತ್ತೆಯವರನ್ನು ಒಪ್ಪಿಸುವುದಕ್ಕೇ ಒಂದು ವರ್ಷ ಹಿಡಿಯಿತು. ಆ ಮನೆಯಲ್ಲಿ ನನ್ನದು, ಮೈ ವೆರಿ ಓನ್, ಅನ್ನಬಹುದಾದದ್ದು ಅದೊಂದೇ.

ನಾಲ್ಕನೆಯ ಬೇಸಿಗೆಗೆ ಬಾಗಿಲಿನ ಕೆಳಮೂಲೆಯಲ್ಲಿ ಲ್ಯಾಮಿನೇಟ್ ಹಾಳೆ ಕಿತ್ತು ಮೇಲೆದ್ದಿತು. ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಅಂಟಿಸಿ ನೋಡಿದೆ. ಎಷ್ಟು ಫೂಲಿಶ್! ಎರಡೇ ದಿನಕ್ಕೆ ಎಣ್ಣೆ ಕುಡಿದು ಉದುರಿತು. ಕೊನೆಗೆ ಓಣಿಯ ಬಡಿಗ ಚಾಚಾನನ್ನು ಕರೆಸಿದೆ. ಅವರು ಅಂಗಳದಲ್ಲಿ ಕೆಂಡ ಮಾಡಿ, ಡಬ್ಬಿಯಲ್ಲಿ ಅಂಟು ಕಾಯಿಸಲು ಇಟ್ಟರು. ವಾಸನೆ ಒಳಗೆ ಹೋಯಿತು. ಅತ್ತೆ ಹೊರಗೆ ಬಂದರು.

"ಏನ್ರಿ ಅದು, ಇಷ್ಟ್ ನಾತ?"

"ಸರೇಸು ರೀ ಅವ್ವಾರ. ಕಟಗಿ ಅಂಟಸೂದು."

"ಯಾತರಿಂದ ಮಾಡ್ತಾರ?"

ನಾನು ಕಣ್ಣಲ್ಲೇ ಚಾಚಾನನ್ನು ಬೇಡಿಕೊಂಡೆ. ಅವರು ನನ್ನ ಕಡೆ ನೋಡಲೇ ಇಲ್ಲ.

"ತೊಗಲು, ಎಲುಬು ಕುದಿಸಿ ಮಾಡ್ತಾರ್ರಿ."

"ಶಿವಶಿವಾ! ಅದನ್ನ ಹಚ್ಚಿದ್ರ ಈ ಕಪಾಟ ಇವತ್ತ ದನದ ಮನಿಗೆ ಹೋಗ್ತೈತಿ ನೋಡ." ನನ್ನತ್ತ ತಿರುಗಿದರು. "ಇಂಗ್ಲೀಷ್ ಸಾಲಿ ಕಲತಾಕಿ, ಇಷ್ಟೂ ತಿಳಿಯೂದಿಲ್ಲೇನ ನಿನಗ? ಕಂಬಳಿ ನೇಯೂವ್ರು ಹುಣಸಿ ಬೀಜದ ಅಂಟು ಹಚ್ತಾರ. ಕಂಬಳಿಗೆ ಹಿಡಿಯೂದು ನಿನ್ನ ಮೇಮಸಾಬ ಕಪಾಟಿಗೆ ಹಿಡಿಯೂದಿಲ್ಲೇನು?"

ಅವರು ಒಳಗೆ ಹೋದ ಮೇಲೆ ಚಾಚಾ ಎದ್ದ ಮೂಲೆಯೊಳಗೆ ಉಗುರು ಹಾಕಿ ಕೆರೆದರು. ಕಂದು ಬಣ್ಣದ ಒಣ ಚಕ್ಕೆಯೊಂದು ಬಂತು. ಮೂಸಿ ನೋಡಿ ದನಿ ತಗ್ಗಿಸಿದರು.

"ತಂಗೀ, ಮೊದಲಿಂದ ಇದರಾಗ ಇರೂದೂ ಸರೇಸೇ. ಬಾಗಲಾ ಪೂರಾ ಅದೇ ಐತಿ."

"ಹೇಳಬ್ಯಾಡ್ರಿ ಚಾಚಾ."

"ನಾನಾಗಿ ಹೇಳೂದಿಲ್ಲವಾ. ಕೇಳಿದ್ರ ಮಾತ್ರ ಸುಳ್ಳಾಡೂದಿಲ್ಲ."

ಮೂರು ವರ್ಷ ನೈವೇದ್ಯದ ಬೆಲ್ಲ, ತುಪ್ಪ ಎಲ್ಲ ಅದರೊಳಗೇ ಇದ್ದವು. ನಾನು ಬಾಯಿ ಬಿಟ್ಟರೆ ಕಪಾಟು ಹೋದಂತೆಯೇ. ಬಿಡಲಿಲ್ಲ.

ಅಲ್ಲಿಂದ ನನ್ನ ದುಡಿತ ಶುರು. ಹುಣಸೆ ಬೀಜ ಹುರಿಯಬೇಕು, ಕುಟ್ಟಿ ಸಿಪ್ಪೆ ತೆಗೆಯಬೇಕು, ನೆನೆಹಾಕಿ ರುಬ್ಬಬೇಕು, ಗಂಟಾಗದಂತೆ ಕುದಿಸಬೇಕು. ಬಾಗಿಲು ಬಿಚ್ಚಿ ನೆಲಕ್ಕೆ ಮಲಗಿಸಿ, ಮೂಲೆಗೆ ಅಂಟು ಸವರಿ, ಮೇಲೆ ಬೀಸುಕಲ್ಲಿನ ಹೋಳು ಹೇರಬೇಕು. ಮಳೆಗಾಲದಲ್ಲಿ ಅದಕ್ಕೆ ಬೂಸು ಬರುತ್ತಿತ್ತು, ಬೇಸಿಗೆಯಲ್ಲಿ ಪುಡಿಯಾಗಿ ಉದುರುತ್ತಿತ್ತು. ಚಾಚಾನ ಡಬ್ಬಿಯಿಂದಾದರೆ ಅರ್ಧ ಗಂಟೆಯ ಕೆಲಸ. ನಾನು ವರ್ಷಕ್ಕೆರಡು ಸಲದಂತೆ ಎಷ್ಟೋ ವರ್ಷ ಮಾಡಿದೆ. ಬಲಗೈ ರಟ್ಟೆ ಆಗಲೇ ಸೋತದ್ದು, ಇವತ್ತಿಗೂ ಸರಿಯಾಗಿಲ್ಲ. ಎಷ್ಟೋ ಸಲ, ಲೆಟ್ ಇಟ್ ಗೋ, ದನಗಳ ಜೊತೆಗೇ ಇರಲಿ ಅನ್ನಿಸುತ್ತಿತ್ತು. ಮತ್ತೆ ಬೀಜ ಹುರಿಯಲು ಕೂರುತ್ತಿದ್ದೆ.

ಒಂದು ಸಲ ಬಾಗಿಲು ಬಿಚ್ಚಿ ಮಲಗಿಸಿದ್ದಾಗ ಅತ್ತೆ ಪಕ್ಕದಲ್ಲಿ ಬಂದು ಕೂತರು. ಎಂದೂ ಏಳದ, ನಾನೆಂದೂ ಅಂಟು ಸವರದ ನಟ್ಟನಡುವಿನ ಭಾಗವನ್ನು ಬೆರಳ ಗೆಣ್ಣಿನಿಂದ ಟಕಟಕ ಬಡಿದು ನೋಡಿದರು. ಮುಖ ಅರಳಿತು.

"ನೋಡ, ನಮ್ಮ ಹುಣಸಿ ಅಂಟು ಹೆಂಗ ಹಿಡಕೊಂಡೈತಿ! ಆ ತೊಗಲಿನ ಅಂಟು ಹಿಂಗ ಹಿಡೀತಿತ್ತೇನು?"

"ಅದೆಲ್ಲಿ ಹಿಡೀತಿತ್ರಿ ಅತ್ತಿ," ಅಂದೆ. ಒಲೆಯ ಮೇಲೆ ಬೀಜ ಸೀಯುವ ವಾಸನೆ ಬಂತು. ಮೊಣಕಾಲಿಗೆ ಕೈಕೊಟ್ಟು ಎದ್ದೆ.