ಸಾವಕಾರನ ನಡುಗುವ ಸೋಫಾ

ಸೋಮಲಿಂಗನ ಸಿಟ್ಟು ಗುಳೇದಗುಡ್ಡಕ್ಕೆಲ್ಲ ಗೊತ್ತಿತ್ತು. ಕೆಟ್ಟ ಟೇಪ್‌ರೆಕಾರ್ಡರ್ ಹಿಡಿದು ಬಂದವರಿಗೆ ರಿಪೇರಿಗಿಂತ ಮೊದಲು ಬೈಗುಳ ಸಿಗುತ್ತಿತ್ತು. ಆದರೂ ಜನ ಅವನ ಅಂಗಡಿಗೇ ಬರುತ್ತಿದ್ದರು. ಹಾಲು ಕೊಡುವ ಎಮ್ಮೆ ಒದ್ದರೆ ಒದೆಸಿಕೊಳ್ಳಬೇಕಲ್ಲ.

ಎರಡು ಸಾವಿರದ ಮೂರರಲ್ಲಿ ಹನಮಂತಪ್ಪ ಸಾವಕಾರ ಹೇಳಿಕಳಿಸಿದಾಗ ಮಾತ್ರ ಅವನ ಸಿಟ್ಟು ನೆತ್ತಿಗೇರಿತು. ಸೋಮಲಿಂಗನ ಅಪ್ಪ ಅಮೀನಪ್ಪ ಮಗ್ಗಗಳ ಸದ್ದಿಗೆ ಎರಡೂ ಕಿವಿ ಕಳೆದುಕೊಂಡದ್ದು ಇದೇ ಸಾವಕಾರನ ಪಾವರ್‌ಲೂಮ್ ಶೆಡ್ಡಿನಲ್ಲಿ. ಈಗ ಸಾವಕಾರನಿಗೆ ಮನೆಯೊಳಗೇ ಟಾಕೀಜು ಬೇಕಾಗಿತ್ತು. ಸಿನಿಮಾದಲ್ಲಿ ಬಾಂಬು ಸಿಡಿದರೆ ಸೋಫಾ ನಡುಗಬೇಕಂತೆ! ಸೋಫಾದ ಅಡಿಗೆ ಕೂರಿಸುವ, ಸದ್ದಿಗೆ ತಕ್ಕಂತೆ ಅದುರುವ ಎರಡು ಶೇಕರ್‌ಗಳನ್ನು ಮುಂಬಯಿಯಿಂದ ತರಿಸಿದ್ದ. ದಿನವಿಡೀ ಗಡಗಡ ಅನ್ನುವ ಶೆಡ್ಡು ಇಟ್ಟುಕೊಂಡವನು ಅಲ್ಲೇ ಒಂದು ತಾಸು ನಿಂತಿದ್ದರೆ ಸಾಕಿತ್ತು, ಪುಕ್ಕಟೆ ನಡುಗಬಹುದಿತ್ತು.

ಡಬ್ಬಿಯ ಮೇಲೆ ಸಾವಿರಾರು ವ್ಯಾಟ್ ಎಂದು ಬರೆದಿದ್ದ ಅಗ್ಗದ ಆಂಪ್ಲಿಫೈಯರನ್ನು ಸಾವಕಾರ ಹೆಮ್ಮೆಯಿಂದ ತೋರಿಸಿದ. ವೈರು ಬೇರೆ ಬೇಡ, ಮದುವೆಯ ದೀಪದ ಸರದಲ್ಲಿ ಉಳಿದದ್ದೇ ಸಾಕು ಅಂದ. ಆ ಅಂಕಿ ಖರೆಯಾದರೆ ಊರಿಗೆಲ್ಲ ಕರೆಂಟು ಕೊಡಬಹುದು ಎಂದು ಸೋಮಲಿಂಗ ರೇಗಿದ. ಶೇಕರಿಗೆ ಬೇರೆಯೇ ಆಂಪ್ಲಿಫೈಯರ್ ಬೇಕು, ಮಾತುಕತೆ ಸೋಸಿ ಬರೀ ಗುಡುಗಿನ ದನಿ ಅದಕ್ಕೆ ಹೋಗಬೇಕು, ವೈರು ದಪ್ಪಗಿರಬೇಕು ಎಂದು ಹೇಳಿ, ತಾನೇ ಕಟ್ಟಿಕೊಡುತ್ತೇನೆಂದು ಒಪ್ಪಿ, ಪರೀಕ್ಷೆಗೆಂದು ಶೇಕರ್‌ಗಳನ್ನು ಮನೆಗೆ ಒಯ್ದ.

ಪರೀಕ್ಷೆ ಬರೀ ನೆಪ. ಕಿವಿ ಹೋಗುವ ಮೊದಲು ಅಮೀನಪ್ಪ ಭಜನಾ ಮೇಳದಲ್ಲಿ ತಬಲಾದ ಜೊತೆಯ ಡಗ್ಗಾ ಬಾರಿಸುತ್ತಿದ್ದ. ಆ ಮೇಳದ ಒಂದು ಕ್ಯಾಸೆಟ್ ಮನೆಯಲ್ಲಿತ್ತು. ಕಿವಿಗೆ ಕೇಳದ ತಾಳ ಕುಂತ ಜಾಗದಿಂದಾದರೂ ಅಪ್ಪನ ಮೈಗೆ ಮುಟ್ಟಲಿ ಎಂಬುದೊಂದೇ ಅವನ ಆಸೆ. ಸಾವಕಾರನ ಕೆಲಸ ಒಪ್ಪಿಕೊಂಡದ್ದೂ ಅದಕ್ಕೇ.

ಅಪ್ಪ ಕೂರುವ ಬೆಂಚಿನ ಅಡಿಗೆ ಎರಡನ್ನೂ ತಿರುಪು ಹಾಕಿ ಬಿಗಿದ. ಆಂಪ್ಲಿಫೈಯರಿಗೆ ಭಾರವಾಗದಂತೆ ಒಂದರ ವೈರಿನ ತುದಿಗೆ ಇನ್ನೊಂದನ್ನು ಕಟ್ಟಿದ. ಕ್ಯಾಸೆಟ್ ಹಾಕಿದರೆ ಬೆಂಚು ಮಿಸುಕಲೇ ಇಲ್ಲ. ನೇಕಾರನ ಮಗನ ಬುದ್ಧಿ ನೋಡಿ! ಕೈಮಗ್ಗದಲ್ಲಿ ಒಂದು ಕಾಲು ಕೆಳಗಿಳಿದರೆ ಇನ್ನೊಂದು ಮೇಲೇಳಬೇಕು. ಹುಟ್ಟಿದಾಗಿನಿಂದ ಅದನ್ನೇ ಕಂಡವನು ಶೇಕರ್‌ಗಳನ್ನೂ ಹಾಗೇ ಒಂದಕ್ಕೊಂದು ಉಲ್ಟಾ ಜೋಡಿಸಿದ್ದ. ಒಂದು ಎತ್ತಿದ್ದನ್ನು ಇನ್ನೊಂದು ಅದುಮುತ್ತಿತ್ತು. ತನ್ನನ್ನೇ ಬೈದುಕೊಂಡು ಒಂದರ ವೈರು ಅದಲುಬದಲು ಮಾಡಿದ. ಅಪ್ಪನದೇ ಡಗ್ಗಾ ಬೆಂಚಿನೊಳಗೆ ಗುಮ್ಮೆಂದಿತು.

ಅಮೀನಪ್ಪ ಬೆಚ್ಚಿದ. ಹಲಗೆಯ ಮೇಲೆ ಅಂಗೈ ಊರಿದ. ಸೋಮಲಿಂಗ ಅಪ್ಪನ ಮುಖವನ್ನೇ ನೋಡಿದ. ಆ ಮುಖ ಹಿಂಡಿದಂತಾಯಿತು.

"ಯಾರೋ ಅದು ಮಗ್ಗಾ ಚಾಲೂ ಮಾಡಿದ್ದು? ಬಂದ್ ಮಾಡಂತ ಹೇಳೋ, ಸೋಮ್ಯಾ. ಮನ್ಯಾಗರ ಸುಮ್ಮ ಕುಂದ್ರತೇನಿ."

ಸೋಮಲಿಂಗ ಸ್ವಿಚ್ಚು ಆರಿಸಿದ. ಕಿವಿಗಳ ಜೊತೆ ಡಗ್ಗಾವನ್ನೂ ಆ ಶೆಡ್ಡು ನುಂಗಿಬಿಟ್ಟಿತ್ತು. ಕೈಗೆ ಸಿಕ್ಕ ಕ್ಯಾಸೆಟ್ಟನ್ನು ಗೋಡೆಗೆ ಬೀಸಬೇಕೆನಿಸಿ, ಅಪ್ಪ ನೋಡುತ್ತಿದ್ದಾನೆಂದು ತಡೆದುಕೊಂಡ.

ಕೊಟ್ಟ ಮಾತಿನಂತೆ ಸಾವಕಾರನ ಮನೆಯಲ್ಲಿ ಎಲ್ಲವನ್ನೂ ಕೂರಿಸಿದ. ಸಿನಿಮಾ ಶುರುವಾಯಿತು, ಬಾಂಬು ಸಿಡಿಯಿತು, ಸೋಫಾ ನಡುಗಿತು. ಸಾವಕಾರ ಹೊಟ್ಟೆ ಕುಣಿಸುತ್ತ ನಕ್ಕ, ಇನ್ನೂ ಜೋರು ಮಾಡು ಅಂದ. ಸೋಮಲಿಂಗ ಜೋರು ಮಾಡಿ, ರಿಮೋಟನ್ನು ಅವನ ತೊಡೆಯ ಮೇಲಿಟ್ಟ.

"ತಗೋರಿ ಸಾವಕಾರ್ರ, ಬ್ಯಾಸರಾದಾಗ ನೀವು ಬಂದ್ ಮಾಡಬಹುದು. ನಮ್ಮಪ್ಪನ ಮೈಯಾಗ ನಿಮ್ಮ ಮಗ್ಗ ಬಂದ್ ಆಗವಲ್ದು."